ಬಳಪದ ಕಲ್ಲಲ್ಲಿ ಅಕ್ಕಾಡಿನ ಕೋಣ

ಉಬ್ಬುಶಿಲ್ಪ ಮಾಡಿ ಕೈ ಪಳಗಿದವರಿಗೆ ಈಗಿನ ಇರಾಕ್ ಸುತ್ತಲಿನ ಹಳೆಯ ನಾಡು ಮೆಸೊಪೊಟೇಮಿಯಾದ ಉರುಳೆ ಮುದ್ರೆ, ಅಂದರೆ ಚಿತ್ರ ಕೊರೆದ ಪುಟ್ಟ ಕಲ್ಲಿನ ಉರುಳೆ, ಪೂರ್ತಿ ಉಲ್ಟಾ ಕೆಲಸ. ಅಲ್ಲಿ ಉಬ್ಬಬೇಕಾದದ್ದನ್ನು ಇಲ್ಲಿ ತಗ್ಗು ಮಾಡಬೇಕು. ಹಸಿ ಜೇಡಿಮಣ್ಣಿನ ಮೇಲೆ ಉರುಳಿಸಿದಾಗಲೇ ಚಿತ್ರ ಎದ್ದು ಬರುವುದು. ಕ್ರಿ.ಪೂ. 3500ರ ಸುಮಾರಿಗೆ, ಅಲ್ಲಿನ ಉರುಕ್ ನಗರದ ಕಾಲದಲ್ಲಿ ಇವು ಶುರುವಾದವು. ಜಾಡಿಯ ಬಾಯಿ, ಉಗ್ರಾಣದ ಬಾಗಿಲು, ಲೆಕ್ಕದ ಮಣ್ಣಿನ ಫಲಕ, ಎಲ್ಲದರ ಮೇಲೂ ಒತ್ತುತ್ತಿದ್ದರು.

ನಾನು ಮಾದರಿಗೆ ಆರಿಸಿಕೊಂಡದ್ದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಇಬ್ನಿ-ಶರ್ರುಮ್‌ನ ಮುದ್ರೆ. ಅವನು ಮೆಸೊಪೊಟೇಮಿಯಾದ ಅಕ್ಕಾಡ್ ರಾಜ್ಯದ ದೊರೆ ಶರ್-ಕಲಿ-ಶರ್ರಿಯ ಲಿಪಿಕಾರ. ಮುದ್ರೆಯ ಎತ್ತರ ಸುಮಾರು 4 ಸೆಂ.ಮೀ. ಅಷ್ಟೇ. ಅಷ್ಟರಲ್ಲೇ ಎರಡು ಕೋಣಗಳು, ನೀರುಕ್ಕುವ ಕೊಡ ಹಿಡಿದು ಮಂಡಿಯೂರಿದ ಇಬ್ಬರು ಗುಂಗುರು ಕೂದಲಿನ ವೀರರು, ಕೆಳಗೆ ಹರಿಯುವ ಹೊಳೆ. ಈ ಕೋಣಗಳು ಸಿಂಧೂ ಕಣಿವೆ ಕಡೆಯಿಂದ ಬಂದವು ಎನ್ನುತ್ತಾರೆ ವಿದ್ವಾಂಸರು. ಆ ಕತ್ತಿನ ಬಿಗಿ, ಭುಜದ ತುಂಬು ನೋಡಿದರೆ ಕೊರೆದವನು ಪ್ರಾಣಿಯನ್ನು ಹತ್ತಿರದಿಂದಲೇ ಕಂಡಿದ್ದಾನೆ. ನನಗಂತೂ ಅನುಮಾನವೇ ಇಲ್ಲ.

ಕಲ್ಲಿಗೆ ನಾನು ತಗೊಂಡದ್ದು ಬಳಪದ ಕಲ್ಲು. ಅಲ್ಲಿನವರೂ ಅದನ್ನು ಬಳಸಿದ್ದಾರೆ. ತುಂಡು 2 ಸೆಂ.ಮೀ. ದಪ್ಪ ಇದ್ದರೆ ಸುತ್ತಳತೆ 6.3 ಸೆಂ.ಮೀ. ಇಡೀ ಚಿತ್ರಕ್ಕೆ ಸಿಗುವ ಅಗಲ ಇಷ್ಟೇ. ಮೊದಲು ನಡುವಿನ ತೂತು ಮುಗಿಸಿದೆ. ಎರಡೂ ತುದಿಯಿಂದ ಕೊರೆದು ಮಧ್ಯದಲ್ಲಿ ಕೂಡಿಸಬೇಕು, ಹಳಬರೂ ಹಾಗೇ ಮಾಡುತ್ತಿದ್ದರು. ಒಂದೇ ಕಡೆಯಿಂದ ಹೋದರೆ ಬೈರಿಗೆ ಹೊರಬರುವ ಕಡೆ ಚಕ್ಕೆ ಏಳುತ್ತದೆ.

ನಿಜವಾದ ಕೆಲಸ ಆಳದ ಲೆಕ್ಕದಲ್ಲಿದೆ. ಮಣ್ಣಿನಲ್ಲಿ ಯಾವುದು ಎಲ್ಲಕ್ಕಿಂತ ಮುಂದೆ ಕಾಣಬೇಕೋ ಅದು ಕಲ್ಲಿನಲ್ಲಿ ಎಲ್ಲಕ್ಕಿಂತ ಆಳ. ಹಾಗಾಗಿ ಕೋಣದ ಹೊಟ್ಟೆ, ಭುಜ ಮೊದಲು. ಅವನ್ನು ದುಂಡು ಮೊನೆಯಿಂದ ಬಟ್ಟಲಿನ ಹಾಗೆ ತೋಡಿದೆ. ಆಮೇಲೆ ಕಾಲು, ಕತ್ತು. ಕೊಂಬಿನ ಗೆರೆ, ನೀರಿನ ಎಳೆ ಕೊನೆಗೆ, ತೀರಾ ಮೇಲುಮೇಲೆ. ಕಲ್ಲನ್ನೇ ನೋಡುತ್ತ ಕೂತರೆ ಕಣ್ಣು ಮೋಸ ಮಾಡುತ್ತದೆ. ನಾಲ್ಕು ಗೀರು ಹಾಕಿದ ಕೂಡಲೇ ಮಣ್ಣಿನ ಮೇಲೆ ಉರುಳಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತಿದ್ದೆ. ಮಣ್ಣು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ಒದ್ದೆ ಜಾಸ್ತಿಯಾದರೆ ಸಣ್ಣ ಗೆರೆಗಳಲ್ಲಿ ಅಂಟಿಕೊಳ್ಳುತ್ತದೆ.

ಈ ಚಿತ್ರದ ಜಾಣತನ ಕೊರೆಯುವಾಗಲೇ ತಿಳಿದದ್ದು. ಎಡ ಬಲ ಎರಡೂ ಒಂದೇ ಥರ. ಅಚ್ಚಿನಲ್ಲಿ ಎಡಬಲ ತಿರುಗಿದರೂ ಚಿತ್ರ ಬದಲಾಗುವುದಿಲ್ಲ. ಎಷ್ಟು ಉರುಳಿಸಿದರೂ ವೀರರ ಬೆನ್ನಿಗೆ ಬೆನ್ನು ಕೂಡಿಕೊಂಡು ಸಾಲು ಮುಂದುವರಿಯುತ್ತದೆ. ಬರವಣಿಗೆಯನ್ನು ಮಾತ್ರ ಕನ್ನಡಿಯಲ್ಲಿ ಕಂಡಂತೆ ಕೊರೆಯಲೇಬೇಕು. ಮೂಲದಲ್ಲಿ ಅದು ಇರುವುದು ಕೋಣಗಳ ಕೊಂಬಿನ ಮೇಲೆ ಕೂತ ಒಂದು ಚೌಕದಲ್ಲಿ. ಅಲ್ಲಿ ನನ್ನ ಹೆಸರು ಹಾಕೋಣ ಅಂತಿದ್ದೆ. ಮೂಲದಲ್ಲಿರುವ ಬೆಣೆಲಿಪಿಯ, ಅಂದರೆ ಬೆಣೆಯಾಕಾರದ ಗುರುತುಗಳ ಬರಹದ, ನೇರ ಗೀಟುಗಳು ಉಳಿಗೆ ಸಲೀಸು. ಇಷ್ಟು ಸಣ್ಣ ಜಾಗದಲ್ಲಿ ನಮ್ಮ ದುಂಡು ಅಕ್ಷರ ಹಾಗಲ್ಲ, ತಿರುವಿನಲ್ಲಿ ಅಂಚು ಒಡೆಯುತ್ತದೆ. ಅದಕ್ಕೇ ಮೊದಲ ಅಕ್ಷರ ಒಂದನ್ನೇ, ತಿರುಗಿಸಿ, ದೊಡ್ಡದಾಗಿ ಕೊರೆದೆ.