ಪಾಸ್‌ವರ್ಡನ್ನೇ ಕೇಳದ ಸರ್ವರ್

ಹಳೆಯ ಕಂಪ್ಯೂಟರೊಂದಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿ, ವಿಂಡೋಸ್ ಯಂತ್ರಗಳೊಂದಿಗೆ ಫೈಲ್ ಹಂಚುವ ಸಾಂಬಾ ತಂತ್ರಾಂಶದ ಮೂಲಕ ಕಚೇರಿಯ ಹನ್ನೆರಡು ಮಂದಿಗೆ ಫೈಲ್ ಸರ್ವರ್ ಮಾಡಿಕೊಡಲು ಹೊರಟೆ. ಎಲ್ಲರಿಗೂ ಒಂದು ಫೋಲ್ಡರ್, ಲೆಕ್ಕಪತ್ರದವರಿಗೆ ಮಾತ್ರ ಇನ್ನೊಂದು. ಅರ್ಧ ದಿನದ ಕೆಲಸ ಎಂದುಕೊಂಡಿದ್ದು ಮೂರು ದಿನ ಹಿಡಿಯಿತು.

ಮೊದಲ ಎಡವಟ್ಟು ಸಣ್ಣದು. ಲಿನಕ್ಸ್‌ನಲ್ಲಿ ಬಳಕೆದಾರರನ್ನು ಸೇರಿಸಿ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು ಎಂದು ನಂಬಿದ್ದೆ. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಪ್ರತಿಯೊಬ್ಬರನ್ನೂ ಎಸ್‌ಎಂಬಿಪಾಸ್‌ಡಬ್ಲ್ಯುಡಿ ಆದೇಶದಿಂದ ಅಲ್ಲಿಗೂ ಸೇರಿಸಬೇಕು. ಸೇರಿಸಿದೆ.

ಆಮೇಲೆ ಶುರುವಾಯಿತು ನಿಜವಾದ ಪೀಕಲಾಟ. ‘ಫೈಲ್ ತೆರೆಯುತ್ತದೆ, ಉಳಿಸಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ’ ಎಂದು ಒಬ್ಬರ ಹಿಂದೆ ಒಬ್ಬರು ಬಂದರು. ಹೇಳಿಕೊಳ್ಳಲು ನಾಚಿಕೆ, ಫೋಲ್ಡರಿಗೆ 777, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದಾದ ಅನುಮತಿ ಕೊಟ್ಟು ಕೈತೊಳೆದುಕೊಂಡೆ. ಅಂದು ಎಲ್ಲರೂ ಸುಮ್ಮನಾದರು. ಮರುದಿನ ಒಬ್ಬರು ಬರೆದ ಫೈಲನ್ನು ಇನ್ನೊಬ್ಬರು ತಿದ್ದಲಾಗಲಿಲ್ಲ. ಫೈಲುಗಳ ಒಡೆತನ ನೋಡಿದರೆ ಸಾಲು ಸಾಲಾಗಿ ಒಂದೇ ಹೆಸರು: ‘ನೋಬಡಿ’. ಯಾರು ಯಾರು ಸಂಪರ್ಕದಲ್ಲಿದ್ದಾರೆ ಎಂದು ತೋರಿಸುವ ಎಸ್‌ಎಂಬಿಸ್ಟೇಟಸ್ ಆದೇಶ ಓಡಿಸಿದೆ. ಆಗ ಸರ್ವರ್‌ನಲ್ಲಿದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿ ನೋಬಡಿಗಳೇ!

ಆ ಏಳು ಮಂದಿ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿಯೇ ಇರಲಿಲ್ಲ. ವಿಂಡೋಸ್ ಮೊದಲು ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಿರುವವರ ಹೆಸರನ್ನೇ ಸರ್ವರಿಗೆ ಕಳಿಸುತ್ತದೆ. ಆ ಹೆಸರು ನನ್ನ ಪಟ್ಟಿಯಲ್ಲಿಲ್ಲ. ಉಬುಂಟು ಕೊಡುವ ಸಾಂಬಾದ ಸಂರಚನಾ (ಸೆಟ್ಟಿಂಗ್) ಫೈಲಿನಲ್ಲಿ ‘ಮ್ಯಾಪ್ ಟು ಗೆಸ್ಟ್’ ಎಂಬಲ್ಲಿ ‘ಬ್ಯಾಡ್ ಯೂಸರ್’ ಎಂದಿರುತ್ತದೆ. ಅಂದರೆ ಗುರುತಿಲ್ಲದ ಹೆಸರಿನವರೆಲ್ಲ ಅತಿಥಿಗಳು, ಅತಿಥಿಗಳಿಗೆ ಸರ್ವರ್ ಕೊಡುವ ಹೆಸರೇ ನೋಬಡಿ. ನಾನು ಎಲ್ಲರ ಫೋಲ್ಡರಿಗೆ ಅತಿಥಿ ಪ್ರವೇಶ ಬೇರೆ ಕೊಟ್ಟಿದ್ದೆ. ಹಾಗಾಗಿ ಪಾಸ್‌ವರ್ಡ್ ಕೇಳುವ ಪ್ರಸಂಗವೇ ಬರಲಿಲ್ಲ. ಎರಡು ಲ್ಯಾಪ್‌ಟಾಪ್‌ಗಳು ಮಾತ್ರ ಒಳಗೇ ಹೋಗದೆ ತಕರಾರು ಮಾಡುತ್ತಿದ್ದುದೂ ಇದಕ್ಕೇ: ಅವು ವಿಂಡೋಸ್ 10 ಎಂಟರ್‌ಪ್ರೈಸ್, 1709ನೇ ಆವೃತ್ತಿಯಿಂದ ಅದು ಅತಿಥಿಯಾಗಿ ಹೋಗಲು ಒಪ್ಪುವುದಿಲ್ಲ. ಸರಿಯಾಗಿದ್ದ ಯಂತ್ರಗಳನ್ನೇ ಕೆಟ್ಟಿವೆ ಎಂದು ಬೈದಿದ್ದೆ.

‘ಬ್ಯಾಡ್ ಯೂಸರ್’ ತೆಗೆದು ‘ನೆವರ್’ ಬರೆದೆ, ಇನ್ನು ಗುರುತಿಲ್ಲದವರಿಗೆ ಪ್ರವೇಶವಿಲ್ಲ. ಎರಡೂ ಫೋಲ್ಡರಿಗೆ ‘ವ್ಯಾಲಿಡ್ ಯೂಸರ್ಸ್’ನಲ್ಲಿ (ಯಾರಿಗೆ ಪ್ರವೇಶ ಎಂಬಲ್ಲಿ) ಗುಂಪಿನ ಹೆಸರು, ಹೊಸ ಫೈಲಿಗೆ 0660, ಹೊಸ ಫೋಲ್ಡರಿಗೆ 2770 ಅನುಮತಿ: ಒಡೆಯರು ಮತ್ತು ಗುಂಪಿನವರು ಮಾತ್ರ ಓದಿ ಬರೆಯಬಹುದು. ಆ ಮುಂದಿನ 2 ಇರುವುದರಿಂದ ಒಳಗೆ ಹುಟ್ಟುವ ಫೈಲುಗಳೆಲ್ಲ ಫೋಲ್ಡರಿನ ಗುಂಪಿಗೇ ಸೇರುತ್ತವೆ. ಸಂರಚನಾ ಫೈಲನ್ನು ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಆದೇಶದಿಂದ ತಪ್ಪು ನೋಡಿಕೊಂಡು ಸೇವೆಯನ್ನು ಮರುಚಾಲನೆ ಮಾಡಿದೆ.

ಒಂದು ಯಂತ್ರ 1219 ಎಂಬ ದೋಷ ತೋರಿಸಿತು. ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಸಂಪರ್ಕ ಇಟ್ಟುಕೊಳ್ಳಲು ವಿಂಡೋಸ್ ಬಿಡುವುದಿಲ್ಲ. ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕ ಅಳಿಸಿದ ಮೇಲೆ ದಾರಿಗೆ ಬಂತು.

ಉಳಿದದ್ದು ನೋಬಡಿಯ ಫೈಲುಗಳು. ಹುಡುಕಿದರೆ ನೂರಕ್ಕೂ ಮಿಕ್ಕಿ ಸಿಕ್ಕವು. ಒಂದೊಂದನ್ನೂ ತೋರಿಸಿ ಇದು ಯಾರದು ಎಂದು ಕೇಳುತ್ತಾ ಮೇಜಿನಿಂದ ಮೇಜಿಗೆ ಅಲೆದೆ. ನಲವತ್ತಕ್ಕೆ ಕೊನೆಗೂ ಒಡೆಯರು ಸಿಗಲಿಲ್ಲ.