ಮುರಕಲ್ಲಿನ ಗೋಡೆಯನ್ನು ಆಟದೊಳಗೆ ಕಟ್ಟಿದ್ದು

ವಿಡಿಯೊ ಗೇಮ್‌ಗಳಿಗೆ ಪರಿಸರ ಕಟ್ಟುವುದು ನನ್ನ ಉದ್ಯೋಗ. ಗೋಡೆ, ನೆಲ, ಬಂಡೆ, ಬೇರು, ಹೀಗೆ ಆಟಗಾರ ಓಡುತ್ತ ದಾಟಿಹೋಗುವುದೆಲ್ಲ ನನ್ನ ಪಾಲಿನದು. ಕರಾವಳಿಯ ಮಳೆಗಾಲದಲ್ಲಿ ನಡೆಯುವ ಒಂದು ಆಟಕ್ಕಾಗಿ ಮುರಕಲ್ಲಿನ ಹಳೆಯ ಪಾಗಾರವೊಂದನ್ನು ಛಾಯಾಚಿತ್ರದಷ್ಟು ನಿಜವಾಗಿ ಮಾಡಬೇಕಿತ್ತು. ಸಿದ್ಧ ಸ್ಕ್ಯಾನ್‌ಗಳ ಭಂಡಾರಗಳಲ್ಲಿ ಹುಡುಕಿದೆ. ಬಂಡೆ, ಪಾಚಿ, ಇಟ್ಟಿಗೆ ಎಲ್ಲವೂ ಬಗೆಬಗೆಯಾಗಿ ಸಿಕ್ಕವು. ಮಂಗಳೂರು, ಉಡುಪಿಯ ಕಡೆ ಮನೆಮನೆಗೂ ಕಾಣುವ ಆ ತೂತುತೂತಾದ ಕೆಂಪು ಕಲ್ಲು ಮಾತ್ರ ನನಗೆ ಬೇಕಾದ ರೂಪದಲ್ಲಿ ಸಿಗಲಿಲ್ಲ. ಕ್ಯಾಮೆರಾ ಹಿಡಿದು ನಾನೇ ಹೊರಟೆ.

ವಿಧಾನದ ಹೆಸರು ಫೋಟೊಗ್ರಾಮೆಟ್ರಿ. ಒಂದೇ ವಸ್ತುವನ್ನು ನಾನಾ ಕೋನಗಳಿಂದ ಸೆರೆಹಿಡಿಯಬೇಕು. ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನ ಚಿತ್ರದಲ್ಲೂ ಇರಬೇಕು. ಯಾವ ಬಿಂದು ಯಾವ ಚಿತ್ರದಲ್ಲಿ ಎಲ್ಲಿದೆ ಎಂದು ಹೊಂದಿಸಿ ನೋಡಿ ತಂತ್ರಾಂಶವು ಮೂರು ಆಯಾಮದ ರೂಪವನ್ನು ಲೆಕ್ಕಹಾಕುತ್ತದೆ. 2014ರಲ್ಲಿ ಪೋಲೆಂಡಿನ ಸಣ್ಣ ತಂಡವೊಂದು ‘ದ ವ್ಯಾನಿಶಿಂಗ್ ಆಫ್ ಈಥನ್ ಕಾರ್ಟರ್’ ಆಟದಲ್ಲಿ ಇದನ್ನು ಬಳಸಿದ ರೀತಿಯನ್ನು ನೋಡಿಯೇ ನಾನು ಈ ದಾರಿ ಹಿಡಿದದ್ದು.

ಮಳೆಯ ಗೋಡೆ ಬೇಕೆಂದು ಮಳೆಯಲ್ಲೇ ಚಿತ್ರ ತೆಗೆಯಲಾಗದು. ಒದ್ದೆ ಕಲ್ಲಿನ ಹೊಳಪು ನಾವು ಪಕ್ಕಕ್ಕೆ ಸರಿದಂತೆ ತಾನೂ ಸರಿಯುತ್ತದೆ, ತಂತ್ರಾಂಶ ಅದನ್ನು ಕಲ್ಲಿನದೇ ಗುರುತೆಂದು ನಂಬಿ ರೂಪವನ್ನು ಕೆಡಿಸುತ್ತದೆ. ಹಾಗಾಗಿ ಮಳೆ ಹಿಂದೆ ಸರಿದ ಮೇಲೆ, ಪಶ್ಚಿಮಕ್ಕೆ ಮುಖಮಾಡಿದ ಗೋಡೆಯನ್ನು ಆರಿಸಿಕೊಂಡು, ಅದಕ್ಕೆ ಬಿಸಿಲು ತಾಗದ ಬೆಳಗಿನ ಹೊತ್ತಿನಲ್ಲಿ ಕೆಲಸ ಮಾಡಿದೆ. ನೆರಳಿನ ಬೆಳಕು ಮೃದು, ಆದರೆ ನೀಲಿ. ಅದು ಆಕಾಶದ ಬೆಳಕು. ಪ್ರತಿ ಸರಣಿಯ ಮೊದಲು 24 ಬಣ್ಣದ ಚೌಕಗಳಿರುವ ಪಟ್ಟಿಯನ್ನು ಗೋಡೆಗೆ ಒರಗಿಸಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಆ ನೀಲಿಯನ್ನು ಆಮೇಲೆ ಕಳೆಯಬಹುದು. ಮುರಕಲ್ಲಿನ ಕೆಂಪು ಬಹಳ ಸೂಕ್ಷ್ಮ. ಸ್ವಲ್ಪ ಕಿತ್ತಳೆಯತ್ತ ವಾಲಿದರೆ ಸುಟ್ಟ ಇಟ್ಟಿಗೆಯಾಗುತ್ತದೆ, ಸ್ವಲ್ಪ ನೇರಳೆಯತ್ತ ವಾಲಿದರೆ ಯಾವ ಕಲ್ಲೂ ಅಲ್ಲ.

ಬಿಡಿ ಕಲ್ಲುಗಳನ್ನು ಹತ್ತಿರದಿಂದ ತೆಗೆಯಲು ಕತ್ತಲಾಗುವವರೆಗೆ ಕಾದೆ. ಫ್ಲ್ಯಾಶಿನ ಮುಂದೊಂದು ಧ್ರುವೀಕರಣದ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ; ಲೆನ್ಸಿನ ಮುಂದೆ ಅದಕ್ಕೆ ಅಡ್ಡಲಾಗಿ ತಿರುಗಿಸಿದ ಅಂಥದೇ ಫಿಲ್ಟರ್. ಆಗ ಮೇಲ್ಮೈಯ ಹೊಳಪು ಅಳಿದು ಕಲ್ಲಿನ ಸ್ವಂತ ಬಣ್ಣ ಮಾತ್ರ ಉಳಿಯುತ್ತದೆ. ಫಿಲ್ಟರನ್ನು ತಿರುಗಿಸಿ ಅದೇ ಚಿತ್ರವನ್ನು ಹೊಳಪಿನೊಡನೆ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಎಲ್ಲೆಲ್ಲಿ ಎಷ್ಟು ಹೊಳಪಿದೆ ಎನ್ನುವ ನಕಾಶೆಯೇ ಸಿಗುತ್ತದೆ.

ಹೀಗೆ ಹತ್ತಿರದಿಂದ ನೋಡಿದಾಗಲೇ ಆ ಕಲ್ಲಿನ ಚರಿತ್ರೆ ಕಾಣುವುದು. ಕೈಯಿಂದ ಕಡಿದ ಹಳೆಯ ಕಲ್ಲಿನ ಮುಖದಲ್ಲಿ ಓರೆಯಾದ ಏಟುಗಳಿವೆ. ಯಂತ್ರ ಕೊಯ್ದ ಹೊಸ ಕಲ್ಲಿನಲ್ಲಿ ಗರಗಸದ ನಯವಾದ ಗೆರೆಗಳು. ಆಟದಲ್ಲಿ ಕೆಲವೇ ಕಲ್ಲುಗಳನ್ನು ತಿರುಗಿಸಿ ಮರುಬಳಸಿ ಇಡೀ ಗೋಡೆ ಕಟ್ಟುವುದು ವಾಡಿಕೆ, ಏಕೆಂದರೆ ಗಣಕದ ನೆನಪಿನ ಕೋಶಕ್ಕೆ ಮಿತಿಯಿದೆ. ರೂಪದ ಮೇಲೆ ಹೊದಿಸುವ 4096 ಪಿಕ್ಸೆಲ್ ಚೌಕದ ಒಂದು ಚಿತ್ರ, ಕುಗ್ಗಿಸಿದ ಮೇಲೂ, 16 ಮೆಗಾಬೈಟ್ ತಿನ್ನುತ್ತದೆ. ಮುರಕಲ್ಲನ್ನು ಮಾತ್ರ ಮನಬಂದಂತೆ ತಿರುಗಿಸಲಾಗದು, ಏಟಿನ ದಿಕ್ಕು ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಕಲ್ಲು ಮತ್ತೆ ಬಂದದ್ದು ಗೊತ್ತಾಗದಂತೆ ಎದ್ದುಕಾಣುವ ದೊಡ್ಡ ತೂತುಗಳನ್ನು ಅಳಿಸಿ, ಪಾಚಿಯ ಪದರವನ್ನು ಬೇರೆಯಾಗಿ ಇಟ್ಟುಕೊಂಡು ಈ ತೊಡಕನ್ನು ದಾಟಿದೆ.

ಬಹಳ ಹೊತ್ತು ಬೇಡಿದ್ದು, ಮತ್ತು ನನಗೆ ಅತಿ ಖುಷಿ ಕೊಟ್ಟದ್ದು, ನೀರು. ಸರಂಧ್ರ ವಸ್ತು ನೆನೆದಾಗ ಕಪ್ಪಾಗುತ್ತದೆ. ತೂತುಗಳಲ್ಲಿ ನೀರು ತುಂಬಿದಾಗ ಒಳಹೊಕ್ಕ ಬೆಳಕು ಸುಲಭವಾಗಿ ಹೊರಬರದೆ ಒಳಗೇ ಅಲೆದಾಡಿ ಹೀರಿಹೋಗುತ್ತದೆ. ಆದ್ದರಿಂದ ಒದ್ದೆಯೆಂದರೆ ಹೊಳಪನ್ನು ಹೆಚ್ಚಿಸುವುದಷ್ಟೇ ಅಲ್ಲ. ಮೊದಲು ಬಣ್ಣ ಗಾಢವಾಗಬೇಕು, ಹೊಳಪು ಬರುವುದು ನೀರು ಮೇಲ್ಮೈಯಲ್ಲಿ ಪೊರೆಕಟ್ಟಿದ ಮೇಲೆ. ಆ ಪೊರೆಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟನ್ನು ಮಾತ್ರ ಮರಳಿಸುತ್ತದೆ, ಓರೆಯಾಗಿ ನೋಡಿದಾಗಲೇ ಕನ್ನಡಿಯಾಗುವುದು. 0ಯಿಂದ 1ರವರೆಗಿನ ಒಂದೇ ಅಂಕಿಯಿಂದ ಗೋಡೆ ನೆನೆದು ಒಣಗುವಂತೆ ಮಾಡಿದೆ. ಒಣಗುವಾಗ ಉಬ್ಬುಗಳು ಮೊದಲು ತಿಳಿಯಾಗುತ್ತವೆ, ತೂತುಗಳು ಕೊನೆಗೆ. ಬುಡದ ಸಾಲು ಎರಚಲಿನಿಂದಾಗಿ ಕೊನೆಯವರೆಗೂ ಒದ್ದೆ. ತಲೆಯ ಗಾರೆ ಕಿತ್ತುಹೋದ ಕಡೆ ಕೆಳಗೆ ಕಪ್ಪು ಧಾರೆ.

ಬೆಳಕಿನ ಲೆಕ್ಕಾಚಾರದ ಮೂಲ ಸಮೀಕರಣವನ್ನು ಗಣಕ ಚಿತ್ರಣದ ಸಂಶೋಧಕ ಜೇಮ್ಸ್ ಕಜಿಯಾ 1986ರಲ್ಲೇ ಬರೆದಿಟ್ಟಿದ್ದಾರೆ. ಸಿನಿಮಾದವರು ಅದನ್ನು ಬಿಡಿಸಲು ಒಂದೊಂದು ಚೌಕಟ್ಟಿಗೆ (ಫ್ರೇಮಿಗೆ) ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಸೆಕೆಂಡಿಗೆ 60 ಚೌಕಟ್ಟು ಓಡಬೇಕಾದ ಆಟಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಆ ಅವಧಿಯಲ್ಲಿ ಬೆಳಕಿನ ಪುಟಿತವನ್ನು, ಅಂದರೆ ಒಂದು ಮೇಲ್ಮೈಗೆ ತಾಗಿ ಇನ್ನೊಂದರ ಮೇಲೆ ಬೀಳುವ ಬೆಳಕನ್ನು, ಅಂದಾಜಿಸುವ ಲೂಮೆನ್ ಎಂಬ ವ್ಯವಸ್ಥೆ 2022ರಲ್ಲಿ ಆಟ ಕಟ್ಟುವ ತಂತ್ರಾಂಶವಾದ ಅನ್ರಿಯಲ್ ಎಂಜಿನ್ 5ರ ಜೊತೆ ಬಂತು. ಪಾಗಾರದ ಎದುರು ಸುಣ್ಣ ಬಳಿದ ಜಗಲಿಯ ಗೋಡೆ ನಿಲ್ಲಿಸಿ ಇದನ್ನು ಚಾಲೂ ಮಾಡಿದಾಗ ಸುಣ್ಣದ ಕೆಳಭಾಗಕ್ಕೆ ತೆಳುವಾದ ಕೆಂಪು ಹತ್ತಿತು. ಕರಾವಳಿಯ ಮನೆಗಳಲ್ಲಿ ದಿನವೂ ಕಾಣುವ ಬಣ್ಣ ಅದು. ಅದನ್ನು ಯಾರೂ ಗಮನಿಸುವುದಿಲ್ಲ, ಆದರೆ ಅದಿಲ್ಲದಿದ್ದರೆ ಏನೋ ಕೊರತೆಯೆಂದು ಎಲ್ಲರಿಗೂ ಅನಿಸುತ್ತದೆ.

ಇಷ್ಟೆಲ್ಲ ಮಾಡಿ ಆಟಕ್ಕೆ ಏನು ಸಿಕ್ಕಿತು? ಕಣ್ಣಿಗೆ ಹಬ್ಬ ಎಂಬ ಉತ್ತರ ನನಗೆ ಸಾಲದು. ನಿಜದಂತೆ ಕಾಣುವ ಲೋಕ ಆಟಗಾರನಿಗೆ ಒಂದು ಮಾತು ಕೊಡುತ್ತದೆ: ಇಲ್ಲಿ ಕಲ್ಲು ಕಲ್ಲಿನಂತೆ, ನೀರು ನೀರಿನಂತೆ ನಡೆದುಕೊಳ್ಳುತ್ತದೆ ಎಂದು. ಅದನ್ನು ಉಳಿಸಿಕೊಳ್ಳಬೇಕು. ನಮ್ಮ ಗೋಡೆಯ ಒದ್ದೆಯ ಅಂಕಿಯನ್ನೇ ಹೆಜ್ಜೆಸಪ್ಪಳಕ್ಕೂ ಕಾಲು ಜಾರುವ ಲೆಕ್ಕಕ್ಕೂ ಕೊಟ್ಟೆವು. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಆಟಗಾರರು ತಾವಾಗಿಯೇ ನಿಧಾನವಾದರು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಅದಕ್ಕಿಂತ ದೊಡ್ಡ ಲಾಭ ದಾರಿ ತೋರಿಸುವುದರಲ್ಲಿದೆ. ದೃಶ್ಯ ಸಮೃದ್ಧವಾದಷ್ಟೂ ಎಲ್ಲಿ ಹತ್ತಬಹುದು, ಎಲ್ಲಿ ಹತ್ತಲಾಗದು ಎಂದು ತಿಳಿಯದೆ ಆಟಗಾರ ಗೊಂದಲಕ್ಕೆ ಬೀಳುತ್ತಾನೆ. ಅನೇಕ ಆಟಗಳು ಹತ್ತುವ ಜಾಗಕ್ಕೆ ಹಳದಿ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತವೆ. ನನಗದು ಹಿಡಿಸುವುದಿಲ್ಲ. ಊರಿನ ಪಾಗಾರ, ಜನ ದಾಟುವ ಜಾಗ ಯಾವುದೆಂದು ತಾನೇ ಹೇಳುತ್ತದೆ: ಅಲ್ಲಿ ಪಾಚಿ ಸವೆದಿರುತ್ತದೆ, ಮೇಲಿನ ಕಲ್ಲಿನ ಅಂಚು ಉರುಟಾಗಿರುತ್ತದೆ, ಬುಡದ ಹುಲ್ಲು ತುಳಿತಕ್ಕೆ ಸಿಕ್ಕಿ ಮಣ್ಣು ಕಾಣುತ್ತಿರುತ್ತದೆ. ಈ ಮೂರನ್ನೇ ನಮ್ಮ ಗೋಡೆಗೆ ತಂದೆ. ಆಡಿ ನೋಡಲು ಕರೆದವರಲ್ಲಿ ಹೆಚ್ಚಿನವರು ಒಂದಿಷ್ಟು ಹೊತ್ತು ಗೋಡೆಯುದ್ದಕ್ಕೂ ಅಲೆದು ಅಲ್ಲಿಗೇ ಬಂದು ಹತ್ತಿದರು. ಹಾಗೆ ಕಂಡುಕೊಂಡ ಮೇಲೆ ಬೇರೆ ಕಡೆಯ ಕುರುಹುಗಳನ್ನೂ ಓದತೊಡಗಿದರು: ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿದ ಗೆರೆ, ಬಾಗಿಲ ಬಳಿ ಕೈ ಸವರಿದ ಜಿಡ್ಡು. ಮಸುಕಾದ, ಸರಳೀಕರಿಸಿದ ಚಿತ್ರದಲ್ಲಿ ಇಂಥ ಸಣ್ಣ ಗುರುತುಗಳು ನಿಲ್ಲುವುದೇ ಇಲ್ಲ. ನೈಜ ಚಿತ್ರಣದ ನಿಜವಾದ ಅವಕಾಶ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಇನ್ನೂ ಬಹುಪಾಲು ತಂಡಗಳು ಅದನ್ನು ಮುಟ್ಟಿಲ್ಲ.

ಸದ್ಯ ಅಡಿಕೆ ಸೋಗೆ ಕೈಯಲ್ಲಿದೆ. ಎಲೆಯನ್ನು ಮುಂದಿನ ಬೆಳಕಿನಲ್ಲಿ ಒಮ್ಮೆ, ಹಿಂದಿನಿಂದ ಬೆಳಕು ಹಾಯಿಸಿ ಇನ್ನೊಮ್ಮೆ ಚಿತ್ರಿಸಿಕೊಳ್ಳಬೇಕು, ಏಕೆಂದರೆ ಮರಳಿಸುವ ಹಸಿರು ಬೇರೆ, ತೂರಿಬರುವ ಹಸಿರು ಬೇರೆ. ಎರಡನೆಯದರಲ್ಲಿ ಹಳದಿ ಹೆಚ್ಚು. ತೋಟದ ನೆಲಕ್ಕೆ ಬೀಳುವ ಬೆಳಕಿನ ಬಣ್ಣ ನಿರ್ಧಾರವಾಗುವುದು ಆ ಎರಡನೆಯ ಚಿತ್ರದಿಂದ. ಗಾಳಿಗೆ ಗರಿಗಳು ಅಲುಗಿದಾಗ ಆ ಬಣ್ಣವೂ ನೆಲದ ಮೇಲೆ ಅಲುಗಬೇಕು, ಅದೂ 16.6 ಮಿಲಿಸೆಕೆಂಡಿನೊಳಗೆ. ಈ ವಾರ ಕೂತಿರುವುದು ಆ ಲೆಕ್ಕದ ಮುಂದೆಯೇ.