ಟರ್ಬೊ ಸತ್ತಿರಲಿಲ್ಲ: ಹಳೇ ಆಕ್ಟೇವಿಯಾ ಆರ್‌ಎಸ್ ಜೊತೆ ನನ್ನ ಅನುಭವ

"ಟರ್ಬೊ ಹೋಗಿದೆ ಮಾರಾಯ. ದೊಡ್ಡದು ಹಾಕ್ಸು, ಇಲ್ಲಾಂದ್ರೆ ಗುಜರಿಗೆ ಕೊಡು." ನನ್ನ 2002ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ಬಾನೆಟ್ ಎತ್ತಿ ನೋಡಿದವರೆಲ್ಲ ಹೇಳಿದ್ದು ಇದನ್ನೇ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಆ ಗಾಳಿಯನ್ನು ತಂಪು ಮಾಡುವುದು ಇಂಟರ್‌ಕೂಲರ್. ಇಂಟರ್‌ಕೂಲರ್ ಪೈಪಿನ ತುಂಬ ಆಯಿಲ್, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, 3,000 ಆರ್‌ಪಿಎಂ ದಾಟಿದ ಮೇಲೆ ಎಳೆತವೇ ಇಲ್ಲ. ಇಷ್ಟು ಕಂಡರೆ ಯಾರಾದರೂ ಹಾಗೇ ಹೇಳುತ್ತಾರೆ. ಇವತ್ತು ಅದೇ ಕಾರು, ಕಾರ್ಖಾನೆಯಲ್ಲಿ ಕೂರಿಸಿದ ಅದೇ ಕೆ03ಎಸ್ ಟರ್ಬೊ ಇಟ್ಟುಕೊಂಡೇ, ಹೊಸದಿದ್ದಾಗಿನದಕ್ಕಿಂತ ಜೋರಾಗಿ ಓಡುತ್ತಿದೆ. ಇಸಿಯು ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಒಂದನ್ನು ಬಿಟ್ಟು ಎಲ್ಲ ಕೆಲಸವನ್ನೂ ಮನೆಯ ಶೆಡ್ಡಿನಲ್ಲಿ ನಾನೇ ಮಾಡಿದ್ದು.

ಮೊದಲನೇ ವರ್ಷ ನಾನೂ ದುಡ್ಡು ಸುರಿದೆ. ಹೊಸ ಏರ್‌ಫ್ಲೋ ಸೆನ್ಸರ್, ನಾಲ್ಕು ಕಾಯಿಲ್, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹತೋಟಿ ಮಾಡುವ ಎನ್75 ವಾಲ್ವ್, ಅದೂ ಸಾಲದೆಂದು ದಪ್ಪ ಎಕ್ಸಾಸ್ಟ್. ಕಾರಿಗೆ ಕೊಟ್ಟ ಹಣದ ಮೂರನೇ ಒಂದು ಪಾಲು ಇದಕ್ಕೇ ಹೋಯಿತು. ಸದ್ದು ಬದಲಾಯಿತು, ಎಳೆತ ಬದಲಾಗಲಿಲ್ಲ. ಹುತ್ತ ಬಡಿದು ಹಾವು ಹುಡುಕಿದ ಹಾಗೆ.

ಆಮೇಲೆ ಲ್ಯಾಪ್‌ಟಾಪ್ ಹಚ್ಚಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2,000ದಿಂದ 6,500ರ ತನಕ ಪೂರ್ತಿ ತುಳಿದು ಲಾಗ್ ತೆಗೆದೆ. ಲಾಗಿನ 115ನೇ ಬ್ಲಾಕಿನಲ್ಲಿ ಇಸಿಯು ಕೇಳುತ್ತಿದ್ದ ಒತ್ತಡ, ಹೊರಗಿನ ಗಾಳಿಯದೂ ಸೇರಿ, 1,650 ಮಿಲಿಬಾರ್ ಆಸುಪಾಸು, ಸಿಗುತ್ತಿದ್ದದ್ದು 1,300. ಎನ್75 ಶೇ 95ರ ಹತ್ತಿರ ಹೋಗಿ ಅಲ್ಲೇ ನಿಂತಿತ್ತು. ಗಾಳಿ ಸೆಕೆಂಡಿಗೆ 100 ಗ್ರಾಂ ಮುಟ್ಟುತ್ತಿರಲಿಲ್ಲ. ಈ ಗ್ರಾಂ ಅಂಕಿಯನ್ನು 0.8ರಿಂದ ಭಾಗಿಸಿದರೆ ಎಚ್‌ಪಿ ಸಿಗುತ್ತದೆ ಎನ್ನುವ ಒರಟು ಲೆಕ್ಕದ ಪ್ರಕಾರ 180 ಎಚ್‌ಪಿ ಇರಬೇಕಾದಲ್ಲಿ 120 ಉಳಿದಿತ್ತು. ಜೊತೆಗೆ ಟರ್ಬೊಗೂ ಥ್ರಾಟಲಿಗೂ ನಡುವೆ ಒತ್ತಡ ಬೀಳುತ್ತಿದೆ ಎನ್ನುವ 17705 ದೋಷದ ಕೋಡು.

ಇನ್‌ಲೆಟ್ ಪೈಪು ಬಿಚ್ಚಿ ಟರ್ಬೊ ಶಾಫ್ಟ್ ಹಿಡಿದು ನೋಡಿದೆ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ, ಹಿಂದೆ ಮುಂದೆ ಏನೂ ಇಲ್ಲ. ರೆಕ್ಕೆಗಳು ಹೌಸಿಂಗಿಗೆ ತಾಗಿದ ಗುರುತೇ ಇಲ್ಲ. ಹಾಗಾದರೆ ಆಯಿಲ್ ಎಲ್ಲಿಂದ? ಇಲ್ಲೇ ಎಲ್ಲರೂ ಎಡವಿದ್ದು. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಪಿಸಿವಿ ಚೆಕ್ ವಾಲ್ವ್ (ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿನ ಆವಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಕೆಟ್ಟಿತ್ತು. ಬೂಸ್ಟ್ ಏರಿದಾಗಲೆಲ್ಲ ಆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿತ್ತು. ಟರ್ಬೊದಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಆಯಿಲ್ ಇಳಿಯುವುದು ಬರೀ ತನ್ನ ಭಾರದಿಂದ. ಕೆಳಗಿನಿಂದ ಒತ್ತಡ ಬಂದರೆ ಅದು ಇಳಿಯದೆ ಸೀಲು ದಾಟಿ ಹೊರಬೀಳುತ್ತದೆ. ಸೀಲು ಗಟ್ಟಿಯಾಗಿದ್ದರೂ ಅಷ್ಟೇ. ಹೊಸ ಟರ್ಬೊ ಹಾಕಿಸಿದ್ದರೆ ಅದೂ ಹೀಗೇ ಕಕ್ಕುತ್ತಿತ್ತು.

ಗಾಳಿ ಸೋರುವ ಜಾಗ ಹುಡುಕಲು ಪ್ರೆಶರ್ ಟೆಸ್ಟರನ್ನು ಪ್ಲಂಬಿಂಗ್ ಪೈಪಿನ ಮುಚ್ಚಳ, ಒಂದು ಟಯರ್ ವಾಲ್ವ್, ಒಂದು ಕ್ಲಿಪ್ಪಿನಲ್ಲಿ ಮಾಡಿಕೊಂಡೆ. ಒಂದು ಕಾಯಿಲಿನ ಬೆಲೆಯ ಕಾಲುಭಾಗವೂ ಖರ್ಚಾಗಲಿಲ್ಲ. ಆದರೆ ಮೊದಲ ಸಲ ಪಿಸಿವಿ ಹೋಸನ್ನು ಮುಚ್ಚದೆ ಗಾಳಿ ತುಂಬಿದೆ. ಡಿಪ್‌ಸ್ಟಿಕ್ ಚಿಮ್ಮಿತು, ಅದನ್ನು ವಾಪಸ್ ತಳ್ಳುವಾಗ ಒಣಗಿದ್ದ ಪ್ಲಾಸ್ಟಿಕ್ ಫನೆಲ್ ಪುಡಿಯಾಯಿತು. ಎರಡನೇ ಸಲ ಹೋಸು ಮುಚ್ಚಿ, 0.5 ಬಾರ್‌ನಿಂದ ನಿಧಾನ ಏರಿಸಿ, ಸೋಪಿನ ನೀರು ಚಿಮುಕಿಸಿದೆ. ನಾಲ್ಕು ಕಡೆ ನೊರೆ ಬಂತು: ಇಂಟರ್‌ಕೂಲರಿನ ಕೆಳಗಿನ ಹೋಸು, ಎನ್75ರ ಸಣ್ಣ ನಳಿಕೆಯ ಬುಡ, ಥ್ರಾಟಲಿನ ಓ-ರಿಂಗ್, ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪು. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವಿನ ಡಯಾಫ್ರಾಮ್ ಹರಿದದ್ದು ಹೀಗೆ ಕಾಣುವುದಿಲ್ಲ, ಏಕೆಂದರೆ ಆ ಗಾಳಿ ಮತ್ತೆ ಇನ್‌ಲೆಟ್ಟಿಗೇ ಸುತ್ತುತ್ತದೆ. ಅದನ್ನು ಬಿಚ್ಚಿ, ಒತ್ತಿ ಹಿಡಿದು, ಮೇಲಿನ ತೂತನ್ನು ಬೆರಳಲ್ಲಿ ಮುಚ್ಚಿ ಬಿಟ್ಟೆ. ಒತ್ತಿದಲ್ಲೇ ನಿಲ್ಲಬೇಕಾಗಿತ್ತು, ಸರ್ರನೆ ವಾಪಸ್ ಬಂತು.

ಆಯಿಲ್ ಕಡೆಯ ಕೆಲಸವೇ ಬೆವರಿಳಿಸಿದ್ದು. ಸಂಪ್ ಇಳಿಸಿದರೆ ಆಯಿಲ್ ಹೀರುವ ಪಿಕಪ್ ಜಾಲರಿ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು. ಟರ್ಬೊಗೆ ಆಯಿಲ್ ಒಯ್ಯುವ ಪೈಪು ಎಕ್ಸಾಸ್ಟ್ ಬಿಸಿಗೆ ಒಳಗೇ ಮಸಿಗಟ್ಟಿ ತೂತು ಕಿರಿದಾಗಿತ್ತು. ಅದಕ್ಕೆ ಹೊಸದೇ ಹಾಕಿ, ತೊಳೆದು ಉಳಿಸಲು ಹೋಗಬೇಡಿ. ಟರ್ಬೊ ಬಿಚ್ಚುವಾಗ ಒಂದು ಸ್ಟಡ್ ಮುರಿಯಿತು. ಅದರ ಮೇಲೆ ಎರಡು ವಾರಾಂತ್ಯ, ಮೂರು ಡ್ರಿಲ್ ಬಿಟ್ ಹೋದವು. ಕೊನೆಗೆ ಹೇಗೆ ಹೊರಬಂತು ಎನ್ನುವುದು ನನ್ನ ಹತ್ತಿರವೇ ಇರಲಿ. ಜೋಡಿಸುವಾಗ ಹಳೇ ತಾಮ್ರದ ವಾಶರನ್ನೇ ಹಾಕಿದ್ದು ಶುದ್ಧ ತಪ್ಪು. ಹತ್ತು ಕಿಲೋಮೀಟರಿಗೆ ಬಾನೆಟ್ಟಿನಿಂದ ಹೊಗೆ, ಮ್ಯಾನಿಫೋಲ್ಡ್ ಮೇಲೆ ಆಯಿಲ್. ಅಂದು ಬೆಂಕಿ ಹತ್ತದಿದ್ದದ್ದು ದೊಡ್ಡದು.

ಕೆಟ್ಟ ವಾಲ್ವು, ಸೋರುವ ಹೋಸುಗಳನ್ನು ಸರಿಮಾಡಿ, ಎಲ್ಲ ಮುಚ್ಚಿ, 5ಡಬ್ಲ್ಯು-40 ಆಯಿಲ್ ತುಂಬಿ, ಪ್ಲಗ್ ಹಾಕುವ ಮುಂಚೆ ಒತ್ತಡ ಬರುವ ತನಕ ಕ್ರ್ಯಾಂಕ್ ಮಾಡಿ, ಮತ್ತೆ ಲಾಗ್ ತೆಗೆದೆ. ಕೇಳಿದ ಬೂಸ್ಟಿಗೂ ಸಿಕ್ಕಿದ್ದಕ್ಕೂ 30 ಮಿಲಿಬಾರ್ ವ್ಯತ್ಯಾಸ. ಗಾಳಿ 142 ಗ್ರಾಂ. ಮ್ಯಾಪ್ ಮುಟ್ಟದೆ, ಹೊಸ ಟರ್ಬೊದ ಹತ್ತನೇ ಒಂದು ಪಾಲು ಖರ್ಚಿನಲ್ಲಿ. ಗುಜರಿಗೆ ಕೊಡು ಎಂದ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಒಮ್ಮೆ ತುಳಿದೆ. ಅವನು ಮಾತಾಡಲಿಲ್ಲ.

ನಡುವೆ ಕೆಲವು ಪ್ರಯೋಗ. ಗಾಳಿಯನ್ನು ಹೊರಕ್ಕೆ ಬಿಡುವ ವಾಲ್ವ್ ಹಾಕಿ ನೋಡಿದೆ. ಸೆನ್ಸರ್ ಲೆಕ್ಕ ಹಾಕಿಬಿಟ್ಟ ಗಾಳಿ ಆಚೆ ಹೋಗುವುದರಿಂದ ಗೇರ್ ಬದಲಿಸಿದಾಗಲೆಲ್ಲ ಪೆಟ್ರೋಲ್ ಹೆಚ್ಚಾಗಿ ಮುಗ್ಗರಿಸುತ್ತಿತ್ತು, ಪ್ಲಗ್ ಕಪ್ಪಾದವು. ಎರಡೇ ದಿನಕ್ಕೆ ತೆಗೆದೆ. ಎನ್75 ಬದಲು ಕೈಯಲ್ಲಿ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಹಾಕಿದಾಗ ಬೂಸ್ಟ್ ಮಿತಿ ಮೀರಿ 17963 ಕೋಡು ಬಂತು, ಕಾರು ತಾನೇ ಶಕ್ತಿ ತಗ್ಗಿಸಿಕೊಳ್ಳುವ ಲಿಂಪ್ ಮೋಡಿಗೆ ಬಿತ್ತು. ಇಂಟರ್‌ಕೂಲರ್ ಮೇಲೆ ನೀರು ಸಿಂಪಡಿಸಿದ್ದು ಎರಡು ನಿಮಿಷದ ಸಂಭ್ರಮ. ಅದಕ್ಕಿಂತ ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಸೀಳು ಕೊಯ್ದದ್ದು ಚೆನ್ನಾಗಿ ಕೆಲಸ ಮಾಡಿತು. ಬಿಸಿ ಗಾಳಿ ಹೊರಹೋಗಲು ದಾರಿಯಾಗಿ, ಒಳಬರುವ ಗಾಳಿ ಏಳೆಂಟು ಡಿಗ್ರಿ ಇಳಿದು ಹಾಗೇ ನಿಂತಿತು. ಖರ್ಚು ಸೊನ್ನೆ.

ಇಷ್ಟಾದ ಮೇಲೇ ಮ್ಯಾಪ್ ಹಾಕಿಸಿದ್ದು. ಪೀಕ್ ಬೂಸ್ಟ್ ಹೊರಗಿನ ಗಾಳಿಯ ಒತ್ತಡಕ್ಕಿಂತ 1.1 ಬಾರ್ ಹೆಚ್ಚು ಇರಬೇಕು, ಗಾಳಿ 168 ಗ್ರಾಂ ತನಕ ಹೋಗಿದೆ, ಅಂದರೆ ಸುಮಾರು 210 ಎಚ್‌ಪಿ. ಮೊದಲ ಲಾಗಿನಲ್ಲಿ 20ನೇ ಬ್ಲಾಕಿನಲ್ಲಿ ಪ್ಲಗ್ ಕಿಡಿ ಹಾರುವ ಟೈಮಿಂಗ್, ಎಂಜಿನ್ ನಾಕ್ ತಪ್ಪಿಸಲು, ಏಳು ಡಿಗ್ರಿ ಹಿಂದೆ ಸರಿಯುತ್ತಿತ್ತು. ಒಂದು ಹೆಜ್ಜೆ ತಂಪಾದ ಬಿಕೆಆರ್7ಇ ಪ್ಲಗ್ 0.7 ಮಿ.ಮೀ. ಗ್ಯಾಪಿನಲ್ಲಿ ಹಾಕಿದ ಮೇಲೆ ಎರಡು ಮೂರಕ್ಕೆ ಇಳಿಯಿತು. ಬೂಸ್ಟ್ ಮಿತಿಯಲ್ಲಿಡಲು ಎಕ್ಸಾಸ್ಟ್ ಹೊಗೆಯನ್ನು ಟರ್ಬೊ ಪಕ್ಕದಿಂದ ಬಿಡುವ ವೇಸ್ಟ್‌ಗೇಟ್ ರಾಡಿಗೂ ಸ್ವಲ್ಪ ಬಿಗಿ ಕೊಟ್ಟಿದ್ದೇನೆ. ಎಷ್ಟು ಸುತ್ತು ಎಂದು ಕೇಳಬೇಡಿ, ನಿಮ್ಮ ಟರ್ಬೊ ನೋಡದೆ ಹೇಳುವುದು ತಪ್ಪಾಗುತ್ತದೆ, ಮೇಲಾಗಿ ಅದನ್ನು ಕಂಡುಕೊಳ್ಳಲು ನನಗೆ ಒಂದು ತಿಂಗಳು ಹಿಡಿದಿದೆ.

ಈಗ ಹತ್ತಿರ ಹತ್ತಿರ 9,000 ಕಿ.ಮೀ. ಆಗಿದೆ. ಇಂಟರ್‌ಕೂಲರ್ ಪೈಪು ಒಣಗಿದೆ, ಬೆಳಗಿನ ಹೊಗೆ ಇಲ್ಲ. ನಾಲ್ಕನೇ ಗೇರಿನಲ್ಲಿ 3,000ಕ್ಕೆ ತುಳಿದರೆ ಕ್ಲಚ್ ಮಾತ್ರ ಜಾರಲು ಶುರುವಾಗಿದೆ, ಗೇರ್‌ಬಾಕ್ಸ್ ಇಳಿಸಲು ಸ್ಟ್ಯಾಂಡ್ ಬೆಸುಗೆ ಹಾಕುತ್ತಿದ್ದೇನೆ.